ಆ ಫೋಟೊ ಯಾಕೆ ಹಾಕಲಿಲ್ಲ?

ಓದುಗರ ಪತ್ರ: ‘ನನ್ನ ಮನೆಯವರಿಗೆ ಸ್ಟ್ರೋಕ್ ಆದಮೇಲೆ ವೀಲ್‌ಚೇರ್ ಬಿಟ್ಟು ಓಡಾಡಲು ಆಗುವುದಿಲ್ಲ. ಮೊನ್ನೆ ಇಲ್ಲಿನ ಮಾಲ್ ಒಂದಕ್ಕೆ ಹೋಗಿದ್ದೆವು. ಬೇಸ್‌ಮೆಂಟಿನಲ್ಲಿ ಅಂಗವಿಕಲರಿಗೆ ಅಂತ ಇರುವುದೇ ಎರಡು ಜಾಗ. ಒಂದರಲ್ಲಿ ಅಲ್ಲಿನ ಸಿಬ್ಬಂದಿಯ ಬೈಕುಗಳು. ಇನ್ನೊಂದಕ್ಕೆ ನನ್ನ ಕಣ್ಣೆದುರೇ ಒಬ್ಬ ಹುಡುಗಿ ಕಾರು ನುಗ್ಗಿಸಿ, ಬ್ಯಾಗು ಹೆಗಲಿಗೇರಿಸಿ ನೆಟ್ಟಗೆ ನಡೆದು ಹೋದಳು. ಕೇಳಿದರೆ “ನನಗೂ ಬೇಕು ಅಂಕಲ್” ಅಂದಳು. ಅವಳ ಮುಖ, ಕಾರಿನ ನಂಬರು ಎರಡೂ ಕಾಣುವ ಫೋಟೊ ಕಳುಹಿಸಿದ್ದೇನೆ. ದಯವಿಟ್ಟು ಹಾಕಿ. ನಾಲ್ಕು ಜನಕ್ಕೆ ಬುದ್ಧಿ ಬರಲಿ.’ — ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ನಮಸ್ಕಾರ ಸರ್. ನಿಮ್ಮ ಸಿಟ್ಟು ನ್ಯಾಯವಾದದ್ದೇ. ವೀಲ್‌ಚೇರ್ ಇಳಿಸಲು ಜಾಗವಿಲ್ಲದೆ ಬೇಸ್‌ಮೆಂಟಿನಲ್ಲಿ ಸುತ್ತು ಹೊಡೆಯುವ ಸಂಕಟ ಅನುಭವಿಸಿದವರಿಗೇ ಗೊತ್ತು. ಆದರೂ ಫೋಟೊ ಹಾಕುವುದಿಲ್ಲ. ಆ ಹುಡುಗಿ ಹೇಳಿದ್ದು ಸುಳ್ಳಿರಬಹುದು, ನಿಜವೂ ಇರಬಹುದು. ಅವಳು ನೆಟ್ಟಗೆ ನಡೆದಳು ಅನ್ನುವುದೊಂದೇ ನಿಮ್ಮ ಹತ್ತಿರ ಇರುವ ಸಾಕ್ಷಿ. ಅದು ಸಾಲದು.

ಅಂಗವಿಕಲರಿಗೆಂದೇ ಇದ್ದ 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳೇ ಇದ್ದವು. 2016ರ ಹೊಸ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್‌ನಂಥ ರಕ್ತದ ಕಾಯಿಲೆಗಳು, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರದ ಕಾಯಿಲೆಗಳು ಎಲ್ಲ ಆ ಪಟ್ಟಿಯಲ್ಲಿವೆ. ಇವು ಇರುವವರು ಎಷ್ಟೋ ಸಲ ನೋಡಲು ನಮ್ಮ ನಿಮ್ಮ ಹಾಗೇ ಇರುತ್ತಾರೆ.

ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರೊಳಗೆ ಕಾಣಿಸಿಕೊಳ್ಳುತ್ತದೆ, ಅದೂ ಹೆಂಗಸರಲ್ಲಿ ಜಾಸ್ತಿ. ನರಗಳ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ ಅದು. ಕಾರಿನಿಂದ ಇಳಿದಾಗ ಹೆಜ್ಜೆ ಸರಿಯಾಗೇ ಬೀಳಬಹುದು. ಸ್ವಲ್ಪ ದೂರ ಹೋದಮೇಲೆ ಒಂದು ಪಾದ ಎತ್ತಲು ಬಾರದೆ ನೆಲಕ್ಕೆ ಎಳೆಯುತ್ತದೆ. ಮೈ ಬಿಸಿಯಾದರೆ ಇನ್ನೂ ಕಷ್ಟ, ಕಣ್ಣೂ ಮಂಜಾಗುವುದುಂಟು. ಗಾಳಿಯಾಡದ ಬೇಸ್‌ಮೆಂಟು ಹೇಗಿರುತ್ತದೆ ನಿಮಗೇ ಗೊತ್ತಲ್ಲ. ನೀವು ನೋಡಿದ್ದು ಮೊದಲ ಹೆಜ್ಜೆಗಳನ್ನು. ಲಿಫ್ಟಿನ ಒಳಗೆ ಅವಳು ಹೇಗೆ ನಿಂತಿದ್ದಳೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಥಲಸ್ಸೀಮಿಯಾ ಜೋರಾಗಿರುವವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಹಾಕಿಸಬೇಕು. ಹಾಕಿಸಿದ ಮರುದಿನ ಲವಲವಿಕೆಯಿಂದ ಓಡಾಡುವವರೇ ಮುಂದಿನ ಸರದಿ ಹತ್ತಿರ ಬಂದಾಗ ಏದುಸಿರು ಬಿಡುತ್ತಾರೆ.

ಇನ್ನೊಂದು ವಿಷಯ. ಈ ಜಾಗ ಬೇಕಾಗುವುದು ಬಾಗಿಲಿಗೆ ಹತ್ತಿರ ಅಂತ ಮಾತ್ರ ಅಲ್ಲ. ಅದು 3.6 ಮೀಟರ್ ಅಗಲ ಇರಬೇಕು ಅನ್ನುತ್ತದೆ ಸರ್ಕಾರದ ಮಾರ್ಗಸೂಚಿ. ಹಿಮೋಫಿಲಿಯಾದಲ್ಲಿ ಮಂಡಿಯೊಳಗೆ ಮತ್ತೆ ಮತ್ತೆ ರಕ್ತ ಸುರಿದು ಕೀಲು ಬಿಗಿದುಹೋಗುತ್ತದೆ. ಅಂಥವರು ಕಾರಿನಿಂದ ಇಳಿಯುವಾಗ ಗಮನಿಸಿ. ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳುತ್ತಾರೆ. ಬಾಗಿಲನ್ನು ಅದು ಹೋಗುವಷ್ಟೂ ತೆರೆಯುತ್ತಾರೆ. ಮಡಚಲಾಗದ ಕಾಲನ್ನು ಕೈಯಲ್ಲೇ ಎತ್ತಿ ಹೊರಗಿಡುತ್ತಾರೆ. ಆಮೇಲೆ ಚೌಕಟ್ಟು ಹಿಡಿದು ಏಳುತ್ತಾರೆ. ಪಕ್ಕದ ಕಾರು ಒಂದಡಿ ದೂರದಲ್ಲಿದ್ದರೆ ಇಳಿಯಲು ಸಾಧ್ಯವೇ ಇಲ್ಲ. ಎದ್ದು ನಿಂತಮೇಲೆ ಪ್ಯಾಂಟಿನ ಒಳಗಿನ ಮಂಡಿ ಯಾರಿಗೆ ಕಾಣುತ್ತದೆ?

ಬೋರ್ಡಿನ ಮೇಲಿರುವ ವೀಲ್‌ಚೇರ್ ಚಿತ್ರವೂ ನಮ್ಮ ಕಣ್ಣನ್ನು ಒಂದೇ ಕಡೆಗೆ ತಿರುಗಿಸಿಬಿಟ್ಟಿದೆ. 1968ರಲ್ಲಿ ಸುಸಾನೆ ಕೋಫೋಡ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿನಿ ಅದರ ಮೂಲ ಚಿತ್ರ ಬರೆದರು. ಎಲ್ಲ ಬಗೆಯ ಅಂಗವಿಕಲರಿಗೂ ಅದೇ ಗುರುತು. ನಾವು ಮಾತ್ರ ಚಿತ್ರದಲ್ಲಿರುವ ಕುರ್ಚಿಯನ್ನೇ ಹುಡುಕುತ್ತೇವೆ.

ಹಾಗಾದರೆ ಯಾರು ಬೇಕಾದರೂ ನಿಲ್ಲಿಸಲಿ ಅಂತಲಾ? ಖಂಡಿತ ಅಲ್ಲ. ‘ಐದೇ ನಿಮಿಷ ಸರ್’ ಅನ್ನುವ ಗಟ್ಟಿಮುಟ್ಟಾದ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ತಡೆಯಲೇಬೇಕು. ಇಂಗ್ಲೆಂಡಿನಲ್ಲಿ ಕಾರಿನ ಗಾಜಿನ ಹಿಂದೆ ಕಾಣುವಂತೆ ಬ್ಲೂ ಬ್ಯಾಡ್ಜ್ ಎಂಬ ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇಡಬೇಕು. 2019ರ ಆಗಸ್ಟ್‌ನಿಂದ ಕಣ್ಣಿಗೆ ಕಾಣದ ತೊಂದರೆ ಇರುವವರಿಗೂ ಅಲ್ಲಿ ಅದು ಸಿಗುತ್ತಿದೆ. ನಮ್ಮಲ್ಲಿರುವುದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅದು ಇರುವುದು ಪರ್ಸಿನೊಳಗೆ. ಹಾಗಾಗಿ ಕೇಳಬೇಕಾದವರು ಪಾರ್ಕಿಂಗ್ ಸಿಬ್ಬಂದಿ. ಬಂದವರೆಲ್ಲರನ್ನೂ, ಮರ್ಯಾದೆಯಿಂದ, ಮುಖ ನೋಡಿ ಅಳೆಯದೆ ಕೇಳಬೇಕು. ಇಲ್ಲೂ ಒಂದು ತೊಡಕಿದೆ. ಹೃದಯ ಸೋತವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು 21ರ ಪಟ್ಟಿಯಲ್ಲಿಲ್ಲ. ಬೇರೆ ಅಂಗವೈಕಲ್ಯ ಇಲ್ಲದಿದ್ದರೆ ಅವರಿಗೆ ಕಾರ್ಡೂ ಇಲ್ಲ. ಡಾಕ್ಟರ ಚೀಟಿ ತೋರಿಸಿದರೆ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪದೇ ಇರಬಹುದು.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಕಣ್ಣಿಗೆ ಕಾಣದ ತೊಂದರೆ ಇರುವವರು ಕೇಳಿದರೆ ಸೂರ್ಯಕಾಂತಿ ಹೂವಿನ ಕೊರಳಪಟ್ಟಿ ಕೊಡುತ್ತಾರೆ. ಸಿಬ್ಬಂದಿ ಅದನ್ನು ನೋಡಿ ಸಹಾಯಕ್ಕೆ ಬರುತ್ತಾರೆ. ಬೇಕಾದವರು ಹಾಕಿಕೊಳ್ಳಲಿ, ಒಳ್ಳೆಯದೇ. ಆದರೆ ಕಾಯಿಲೆಯನ್ನು ಕೊರಳಿಗೆ ನೇತುಹಾಕಿಕೊಂಡರೆ ಮಾತ್ರ ನಂಬುತ್ತೇವೆ ಅಂತ ನಾವು ಹಟ ಹಿಡಿಯಬಾರದು, ಅಲ್ವಾ?

ಈಗ ನಿಮ್ಮ ಪತ್ರದಲ್ಲಿ ನೀವೇ ಒಂದು ಸಾಲಿನಲ್ಲಿ ದಾಟಿಸಿಬಿಟ್ಟ ವಿಷಯಕ್ಕೆ ಬರುತ್ತೇನೆ. ಮೊದಲನೇ ಜಾಗದಲ್ಲಿ ಬೈಕುಗಳಿದ್ದವು. ಅಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲ. ಬೈಕಿಗೆ ಕಾಯಿಲೆ ಇರುವುದಿಲ್ಲ. ಅವು ಇಲ್ಲದಿದ್ದರೆ ಆ ಹುಡುಗಿಯ ಕಾರೂ ನಿಲ್ಲುತ್ತಿತ್ತು, ನಿಮ್ಮದೂ ನಿಲ್ಲುತ್ತಿತ್ತು. ಜಗಳ ನಡೆದದ್ದು ಮಾತ್ರ ನಿಮ್ಮಿಬ್ಬರ ನಡುವೆ. ಮಾಲಿನವರು ಆರಾಮಾಗಿ ಉಳಿದುಕೊಂಡರು.

ಅವರ ಮೇಲೆ ನಿಮಗೆ ಹಿಡಿತವಿದೆ. ಖಾಸಗಿಯವರದ್ದಾದರೂ ಸಾರ್ವಜನಿಕರು ಬಳಸುವ ಕಟ್ಟಡ 2016ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಿಕೊಳ್ಳಲು 2017ರಲ್ಲಿ ನಿಯಮ ಬಂದಲ್ಲಿಂದ ಐದು ವರ್ಷ ಸಮಯ ಕೊಟ್ಟಿದ್ದರು. ಅದು 2022ಕ್ಕೇ ಮುಗಿದಿದೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ ದಂಡ ಹಾಕಬಹುದು.

ಬೈಕುಗಳ ಫೋಟೊ ಇದ್ದರೆ ಅದನ್ನಿಟ್ಟು ಮಾಲಿನ ಮ್ಯಾನೇಜರಿಗೆ ಬರೆಯಿರಿ. ತಾರೀಖು, ಹೊತ್ತು ನಮೂದಿಸಿ. ಅಲ್ಲಿ ಕಾರ್ಡು ನೋಡುವವರು ಯಾರು ಅಂತಲೂ ಕೇಳಿ. ಒಂದು ಪ್ರತಿ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೆ ಹೋಗಲಿ, ಇನ್ನೊಂದು ನಮಗೆ ಬರಲಿ. ಮಾಲಿನವರ ಉತ್ತರದ ಸಮೇತ ಅಚ್ಚು ಹಾಕುತ್ತೇವೆ. ಉತ್ತರ ಬರದಿದ್ದರೆ ಅದನ್ನೂ ಹಾಕುತ್ತೇವೆ.