ತೆರೆಯ ಮೇಲೆ ಏನಿದೆ, ಅದನ್ನು ಮೊದಲು ಹೇಳಿ

ನಮಸ್ಕಾರ.

ಟ್ರಿನ್ ಟಿ. ಮಿನ್-ಹಾ ಅವರ ಸಿನಿಮಾ ಬದುಕಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿರುಗಿ ಬರೆದು ಕಳಿಸಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಮಗೆ ಬರುವ ಸಿನಿಮಾ ಬರಹಗಳೆಲ್ಲ ಹೆಚ್ಚುಕಡಿಮೆ ಹೋದ ಶುಕ್ರವಾರ ತೆರೆಕಂಡ ಚಿತ್ರಗಳ ಬಗ್ಗೆಯೇ ಇರುತ್ತವೆ. ವಿಯೆಟ್ನಾಂನಲ್ಲಿ ಹುಟ್ಟಿ, ಸೆನೆಗಲ್‌ನಲ್ಲಿ ಪಾಠ ಹೇಳಿ, ಅಮೆರಿಕದಲ್ಲಿ ನೆಲೆಸಿ, ಯಾವ ಸ್ಟುಡಿಯೋದ ಹಂಗೂ ಇಲ್ಲದೆ 40 ವರ್ಷ ಸಿನಿಮಾ ಮಾಡಿದ ಒಬ್ಬ ಹೆಂಗಸಿನ ಬಗ್ಗೆ ಬರೆಯಬೇಕು ಅಂತ ನಿಮಗೆ ಅನ್ನಿಸಿತಲ್ಲ, ಅದು ನನಗೆ ಖುಷಿ ಕೊಟ್ಟಿತು.

ಇನ್ನು ಬೈಗುಳದ ಭಾಗ.

ಮೊದಲ ಪುಟದಲ್ಲಿ ಅವರು 1952ರಲ್ಲಿ ಹನೋಯ್‌ನಲ್ಲಿ ಹುಟ್ಟಿದ್ದು, ಸೈಗಾನ್‌ನಲ್ಲಿ ಬೆಳೆದದ್ದು, 1970ರಲ್ಲಿ ಅಮೆರಿಕಕ್ಕೆ ಹೋದದ್ದು ಇದೆ. ಎರಡನೆಯದರಲ್ಲಿ ಸಿನಿಮಾಗಳ ಪಟ್ಟಿ, ಇಸವಿ ಸಮೇತ. ಅಲ್ಲಿಂದ ಕೊನೆಯವರೆಗೂ ಅಸ್ಮಿತೆ, ಅನ್ಯತೆ, ಅಧೀನತೆ, ಅಂಚಿನ ದನಿ. ಇಡೀ ಲೇಖನದಲ್ಲಿ ಒಂದೇ ಒಂದು ಶಾಟ್ ಇಲ್ಲ. ಒಂದು ಮುಖ ಇಲ್ಲ, ಒಂದು ಸದ್ದಿಲ್ಲ. ಕಥೆ ಇರುವ ಸಿನಿಮಾ ಆಗಿದ್ದರೆ ಕಥೆ ಹೇಳಿಯಾದರೂ ಪಾರಾಗಬಹುದಿತ್ತು. ಇವರ ಹೆಚ್ಚಿನ ಚಿತ್ರಗಳಲ್ಲಿ ಅದೂ ಇಲ್ಲ. ಕ್ಯಾಮೆರಾ ಎಲ್ಲಿ ನಿಂತಿದೆ, ಸದ್ದು ಎಲ್ಲಿ ನಿಂತಿತು, ಯಾರ ಮಾತನ್ನು ಯಾರು ಆಡುತ್ತಿದ್ದಾರೆ, ರಾಜಕೀಯ ಇರುವುದೆಲ್ಲ ಅಲ್ಲೇ. ಅದನ್ನು ಬಿಟ್ಟ ಮೇಲೆ ಬರೆಯಲು ಏನು ಉಳಿಯಿತು?

'ರಿಅಸೆಂಬ್ಲೇಜ್' ತೆಗೆದುಕೊಳ್ಳಿ. 1982ರ ಚಿತ್ರ, 16 ಎಂಎಂ, 40 ನಿಮಿಷ. 'ಆಫ್ರಿಕಾದ ಮೂಕ ಮಹಿಳೆಯರಿಗೆ ದನಿ ಕೊಟ್ಟ ಚಿತ್ರ' ಎಂದು ಬರೆದಿದ್ದೀರಿ. ಪೂರ್ತಿ ಉಲ್ಟಾ. ನಾನು ನಿಮಗೆ ದನಿ ಕೊಡುತ್ತೇನೆ ಎನ್ನುವ ದೊಡ್ಡಸ್ತಿಕೆಯನ್ನೇ ಈ ಚಿತ್ರ ಬೇಡ ಅನ್ನುವುದು. ಸೆನೆಗಲ್‌ನ ಹಳ್ಳಿಗಳು, ಧಾನ್ಯ ಕುಟ್ಟುವ ಹೆಂಗಸರು, ಮಕ್ಕಳು. ಚಿತ್ರ ಓಡುತ್ತಲೇ ಇರುತ್ತದೆ, ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ಒಂದು ಮುಖ ಸರಿಯಾಗಿ ನೋಡುವಷ್ಟರಲ್ಲಿ ಕಟ್. ಹಳ್ಳಿಯವರು ಮಾತಾಡುತ್ತಾರೆ, ಕೆಳಗೆ ಸಬ್‌ಟೈಟಲ್ ಬರುವುದಿಲ್ಲ. ನಿರ್ದೇಶಕಿಯದೇ ನಿರೂಪಣೆ ಇದೆ, ಆದರೆ ಅದು ಏನನ್ನೂ ವಿವರಿಸುವುದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತದೆ, ಅರ್ಧಕ್ಕೆ ಬಿಡುತ್ತದೆ. ಇವರ ಬಗ್ಗೆ ಮಾತಾಡುವ ಉದ್ದೇಶ ನನಗಿಲ್ಲ, ಹತ್ತಿರದಲ್ಲಿ ನಿಂತು ಮಾತಾಡುತ್ತೇನೆ ಅಷ್ಟೇ ಎಂಬ ಅರ್ಥದ ಮಾತು ಬರುವುದು ಇಲ್ಲೇ. ಅದನ್ನು ನೀವು ತಲೆಬರಹದ ಕೆಳಗೆ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದರ ಕೆಳಗೇ ಆ ಹೆಂಗಸರನ್ನು 'ಮೂಕ' ಎಂದು ಕರೆದರೆ ಹೇಗೆ?

ಅದೇ ಚಿತ್ರದ ನಿರೂಪಣೆಯಲ್ಲಿ ಒಬ್ಬ ಮಾನವಶಾಸ್ತ್ರಜ್ಞ ಬರುತ್ತಾನೆ. ಟೇಪ್ ರೆಕಾರ್ಡರ್ ಆನ್ ಮಾಡಿಟ್ಟು ಅದರ ಪಕ್ಕದಲ್ಲೇ ನಿದ್ದೆ ಹೋಗಿರುವವನು! ಅವನೊಬ್ಬನನ್ನು ಕರೆತಂದಿದ್ದರೆ ಮೂರು ಪ್ಯಾರಾ ಬರೆಯುವ ಶ್ರಮ ನಿಮಗೆ ಉಳಿಯುತ್ತಿತ್ತು. ಓದುಗರಿಗೆ ನಗುವೂ ಬರುತ್ತಿತ್ತು. ಇವರ ಸಿನಿಮಾದಲ್ಲಿ ತಮಾಷೆ ಇದೆ ಎಂಬುದನ್ನೇ ಬರೆಯುವವರು ಮರೆತುಬಿಡುತ್ತಾರೆ.

ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ. ಅವರು ಓದಿದ ವಿಷಯಗಳಲ್ಲಿ ಸಂಗೀತ ರಚನೆಯೂ ಒಂದು. ಸೆನೆಗಲ್‌ನ ರಾಜಧಾನಿ ಡಾಕರ್‌ಗೆ ಹೋದದ್ದೂ ಅಲ್ಲಿನ ಸಂಗೀತ ಶಾಲೆಯಲ್ಲಿ ಪಾಠ ಹೇಳಲು. ಇದು ಗೊತ್ತಿದ್ದರೆ ಆ ಕಟ್‌ಗಳು ಯಾಕೆ ಹಾಗೆ ಬೀಳುತ್ತವೆ, ಮಾತು ಯಾಕೆ ಪಲ್ಲವಿಯ ಹಾಗೆ ತಿರುಗಿ ಬರುತ್ತದೆ ಎಂಬುದು ಅರ್ಧ ಅರ್ಥವಾಗುತ್ತದೆ. ಹುಟ್ಟಿದ ಊರಿಗಿಂತ ಜಾಸ್ತಿ ಉಪಯೋಗದ ಮಾಹಿತಿ ಇದು.

ಈಗ ನಿಜವಾದ ತಪ್ಪಿಗೆ ಬರುತ್ತೇನೆ. 1989ರ 'ಸರ್‌ನೇಮ್ ವಿಯೆಟ್ ಗಿವನ್ ನೇಮ್ ನಾಮ್' ಬಗ್ಗೆ ನಿಮ್ಮ ಸಾಲು: 'ವಿಯೆಟ್ನಾಂಗೆ ಹೋಗಿ ಅಲ್ಲಿನ ಮಹಿಳೆಯರನ್ನು ಸಂದರ್ಶಿಸಿ ಅವರ ನೋವನ್ನು ನೇರವಾಗಿ ದಾಖಲಿಸಿದ್ದಾರೆ.' ಚಿತ್ರವನ್ನು ನೀವು ಕೊನೆಯವರೆಗೆ ನೋಡಿಲ್ಲ ಎಂದು ನನಗೆ ಗೊತ್ತಾದದ್ದು ಇಲ್ಲಿ. ಮೊದಲ ಅರ್ಧ ಗಂಟೆ ನೋಡಿ ಎದ್ದವರಿಗೆ ಹಾಗೇ ಅನ್ನಿಸುತ್ತದೆ. ಅನ್ನಿಸಲಿ ಅಂತಲೇ ಮಾಡಿದ್ದು. ಹೆಂಗಸರು ಒಬ್ಬೊಬ್ಬರಾಗಿ ಕೂತು ಯುದ್ಧದ ನಂತರದ ತಮ್ಮ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅವರಲ್ಲಿ ಡಾಕ್ಟರೂ ಇದ್ದಾರೆ. ಉಚ್ಚಾರ ಸುಲಭಕ್ಕೆ ಅರ್ಥವಾಗುವುದಿಲ್ಲ. ಕ್ಯಾಮೆರಾ ಮುಖ ಬಿಟ್ಟು ಕೈಗಳ ಮೇಲೆ ಹೋಗುತ್ತದೆ. ಆಡಿದ ಮಾತು ತೆರೆಯ ಮೇಲೆ ಅಕ್ಷರವಾಗಿಯೂ ಮೂಡುತ್ತದೆ, ಆದರೆ ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಬಿದ್ದದ್ದಕ್ಕೂ ಪೂರ್ತಿ ತಾಳೆಯಾಗುವುದಿಲ್ಲ. ಏನೋ ಸರಿ ಇಲ್ಲ ಅಂತ ಅನುಮಾನ ಶುರುವಾಗುತ್ತದೆ.

ಆಮೇಲೆ ಗುಟ್ಟು ಬಿಚ್ಚಿಕೊಳ್ಳುತ್ತದೆ. ಆ ಮಾತುಗಳು ಮಾಯ್ ಥು ವಾನ್ ಎಂಬ ಲೇಖಕಿ ವಿಯೆಟ್ನಾಂನಲ್ಲಿ ಮಾಡಿದ ಸಂದರ್ಶನಗಳವು. 1983ರಲ್ಲಿ ಫ್ರೆಂಚ್‌ನಲ್ಲಿ ಪುಸ್ತಕವಾಗಿ ಬಂದಿದ್ದವು. ಮಿನ್-ಹಾ ಅವನ್ನು ಇಂಗ್ಲಿಷಿಗೆ ತಂದು, ಅಮೆರಿಕದಲ್ಲಿ ನೆಲೆಸಿದ ವಿಯೆಟ್ನಾಂ ಹೆಂಗಸರಿಂದ ಆಡಿಸಿದ್ದಾರೆ. ಅವರು ನಟಿಯರಲ್ಲ. ಎರಡನೇ ಭಾಗದಲ್ಲಿ ಅದೇ ಹೆಂಗಸರು ತಮ್ಮ ಸ್ವಂತ ಬದುಕಿನ ಬಗ್ಗೆ ಹೇಳುತ್ತಾರೆ. ತಾವು ಹೇಗೆ ಕಾಣಿಸಿಕೊಳ್ಳಬೇಕು ಎಂಬುದನ್ನೂ ಅವರೇ ಆರಿಸಿಕೊಂಡರು.

ಎಷ್ಟು ಕೈ ದಾಟಿ ಬಂತು ನೋಡಿ. ಹನೋಯ್‌ನಲ್ಲೋ ಸೈಗಾನ್‌ನಲ್ಲೋ ಒಬ್ಬಾಕೆ ಹೇಳಿದ್ದು, ಪ್ಯಾರಿಸ್‌ನ ಪುಸ್ತಕ, ಇಂಗ್ಲಿಷ್ ಅನುವಾದ, ಅಮೆರಿಕದ ಇನ್ನೊಬ್ಬಾಕೆಯ ಬಾಯಿ, ಕೊನೆಗೆ ನಮ್ಮ ಕಿವಿ. ಸಾಕ್ಷ್ಯಚಿತ್ರದಲ್ಲಿ ಯಾರಾದರೂ ಎದುರಿಗೆ ಕೂತು ಕಣ್ಣೊರೆಸಿಕೊಂಡರೆ ನಾವು ಮರುಪ್ರಶ್ನೆ ಕೇಳುವುದೇ ಇಲ್ಲ, ಅಲ್ವಾ? ಆ ನಂಬಿಕೆಯ ಬುಡಕ್ಕೇ ಅವರು ಕೈ ಹಾಕಿದ್ದಾರೆ. ಸಾಮಾನ್ಯವಾಗಿ ಸಂದರ್ಶನ ಅಂದರೆ ನಿಜ, ನಟನೆ ಅಂದರೆ ಸುಳ್ಳು. ಇಲ್ಲಿ ನಟಿಸಿದ ಮಾತೂ ಯಾರದೋ ನಿಜ. ನಿಮ್ಮ ಲೇಖನದ ಜೀವ ಇಲ್ಲಿತ್ತು. 'ನೇರವಾಗಿ ದಾಖಲಿಸಿದ್ದಾರೆ' ಎಂದು ಬರೆದು ಅದರ ಮೇಲೆ ಮಣ್ಣು ಮುಚ್ಚಿದಿರಿ. ಆ ಸಾಲೊಂದನ್ನು ತಿದ್ದಿ ಕಳಿಸಿದರೆ ಸಾಲದು. ಹೊಸ ಲೇಖನ ಈ ಚಿತ್ರದಿಂದಲೇ ಶುರುವಾಗಲಿ.

ಚಿತ್ರದ ಹೆಸರಿನ ಹಿಂದಿನ ಪ್ರಸಂಗವನ್ನೂ ಬಿಡಬೇಡಿ. ಹುಡುಗಿಯನ್ನು ಒಬ್ಬ ಕೇಳುತ್ತಾನೆ, ನಿನಗೆ ಮದುವೆ ಆಗಿದೆಯಾ ಅಂತ. ಆಗಿದೆ, ಗಂಡನ ಮನೆತನದ ಹೆಸರು ವಿಯೆಟ್, ಅವನ ಹೆಸರು ನಾಮ್ ಅನ್ನುತ್ತಾಳೆ. ಜಾಣ ಉತ್ತರ. ಬೆನ್ನು ಬಿದ್ದವನಿಂದ ತಪ್ಪಿಸಿಕೊಂಡಳು. ಆದರೆ ದೇಶವನ್ನೇ ಗಂಡ ಅಂದಮೇಲೆ ದೇಶದ ಹೆಸರಲ್ಲಿ ಬರುವ ಅಪ್ಪಣೆಗಳಿಂದ ತಪ್ಪಿಸಿಕೊಳ್ಳುವುದು ಹೇಗೆ? ಹೆಣ್ಣಿಗೆ ಹೇಳಿಕೊಟ್ಟ ಮೂರು ವಿಧೇಯತೆಗಳ ಮಾತೂ ಚಿತ್ರದಲ್ಲಿದೆ. ಮಗಳಾಗಿ ಅಪ್ಪನ ಮಾತು ಕೇಳು, ಹೆಂಡತಿಯಾಗಿ ಗಂಡನ ಮಾತು, ವಿಧವೆಯಾದರೆ ಮಗನ ಮಾತು. ಇದನ್ನು ಓದುವ ಕನ್ನಡಿಗರಿಗೆ ಮನು ನೆನಪಾಗದೆ ಇರುತ್ತಾನಾ? ಅದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಸಾಕಿತ್ತು.

ಬದಲಿಗೆ ಕೊನೆಯ ಪ್ಯಾರಾದಲ್ಲಿ 'ನಮ್ಮ ನಾಡಿನಲ್ಲಿ ಮಹಿಳೆಯರಿಂದ ಇಂಥ ಪ್ರಯತ್ನ ನಡೆದೇ ಇಲ್ಲ' ಎಂದು ಕೊರಗಿದ್ದೀರಿ. ನಡೆದಿದೆ ಸ್ವಾಮಿ. 1982ರಲ್ಲೇ ದೀಪಾ ಧನರಾಜ್ ಮತ್ತು ಸಂಗಾತಿಗಳ ಯುಗಾಂತರ್ ತಂಡ ನಮ್ಮ ನಿಪ್ಪಾಣಿಯ ತಂಬಾಕು ಕಾರ್ಮಿಕ ಹೆಂಗಸರ ಜೊತೆ ಸೇರಿ ಒಂದು ಚಿತ್ರ ಮಾಡಿತ್ತು. ದಾರಿ ಬೇರೆ, ಮಟ್ಟಸವಾಗಿ ಹೋಲಿಸಲು ಆಗುವುದಿಲ್ಲ. ಹೋಲಿಸಿ ಅಂತಲೂ ಹೇಳುತ್ತಿಲ್ಲ. ಆ ಕೊರಗನ್ನು ಮಾತ್ರ ತೆಗೆಯಿರಿ.

ಭಾಷೆಗೆ ಬರೋಣ. 'ವಸಾಹತೋತ್ತರ ಸ್ತ್ರೀ ಅಸ್ಮಿತೆಯ ಬಹುಧ್ವನಿಯ ಅನಾವರಣವನ್ನು ದೃಶ್ಯ ಮಾಧ್ಯಮದ ಮೂಲಕ ಸಾಧ್ಯವಾಗಿಸುತ್ತಾರೆ.' ಇದನ್ನು ನಮ್ಮ ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಸಹೋದ್ಯೋಗಿ ಕೇಳಿದ್ದು ಇಷ್ಟೇ: 'ಸರಿ, ಸಿನಿಮಾದಲ್ಲಿ ಏನಾಗುತ್ತೆ?' ಉತ್ತರ 'ನೇಕೆಡ್ ಸ್ಪೇಸಸ್' ಎಂಬ 1985ರ ಚಿತ್ರದಲ್ಲೇ ಇದೆ. ಪಶ್ಚಿಮ ಆಫ್ರಿಕಾದ ಮನೆಗಳ ಚಿತ್ರ ಅದು, ಎರಡು ಗಂಟೆಗೂ ಮೀರಿದ್ದು. ಮೂವರು ಹೆಂಗಸರ ದನಿ ಕೇಳುತ್ತದೆ. ತಗ್ಗಿದ ದನಿ ಹಳ್ಳಿಯವರ ಮತ್ತು ಆಫ್ರಿಕಾದ ಲೇಖಕರ ಮಾತುಗಳನ್ನು ಹೇಳುತ್ತದೆ. ಏರುದನಿ ಪಶ್ಚಿಮದ ತರ್ಕ ಹಿಡಿದು ಮಾತಾಡುತ್ತದೆ. ನಡುವಿನದು 'ನಾನು' ಅನ್ನುತ್ತದೆ. ಇದನ್ನೇ ಬರೆಯಿರಿ. 'ಬಹುಧ್ವನಿ' ಅಂತ ಬರೆಯುವ ಅಗತ್ಯವೇ ಬೀಳುವುದಿಲ್ಲ.

'ಸ್ವತಂತ್ರ ನಿರ್ದೇಶಕಿ' ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಹಾಗಾದರೆ ಹೊಟ್ಟೆಪಾಡು ಹೇಗೆ ನಡೆಯಿತು ಎಂದು ಓದುಗರು ಕೇಳುತ್ತಾರೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು ಕೆಲಸ. ಚಿತ್ರಗಳನ್ನು ಹಂಚುವುದು ನ್ಯೂಯಾರ್ಕ್‌ನ 'ವಿಮೆನ್ ಮೇಕ್ ಮೂವೀಸ್'. ಅವು ಓಡಾಡುವುದು ಕಾಲೇಜು, ಮ್ಯೂಸಿಯಂ, ಚಿತ್ರೋತ್ಸವಗಳಲ್ಲಿ. ಅವರ ಹೆಸರಾಂತ ಪುಸ್ತಕ 'ವುಮನ್, ನೇಟಿವ್, ಅದರ್' ಅಚ್ಚಾಗುವ ಮೊದಲು ಮೂವತ್ತಕ್ಕೂ ಹೆಚ್ಚು ಕಡೆಯಿಂದ ವಾಪಸ್ ಬಂದಿತ್ತು. ನಾನು ವಾಪಸ್ ಕಳಿಸುತ್ತಿರುವುದು ಇದೇ ಮೊದಲು, ಅಷ್ಟಕ್ಕೇ ಬೇಜಾರಾಗಬೇಡಿ.

ಎಲ್ಲ ಚಿತ್ರಗಳನ್ನೂ ಮುಟ್ಟಬೇಕಿಲ್ಲ. 'ಎ ಟೇಲ್ ಆಫ್ ಲವ್', 'ನೈಟ್ ಪ್ಯಾಸೇಜ್' ಬಿಟ್ಟರೂ ನಡೆಯುತ್ತದೆ. 2015ರ 'ಫರ್ಗೆಟಿಂಗ್ ವಿಯೆಟ್ನಾಂ' ಮಾತ್ರ ಇರಲಿ. 1995ರಲ್ಲಿ ಹೈ-8 ಎಂಬ ಹಳೆಯ ಟೇಪ್ ವಿಡಿಯೋದಲ್ಲಿ ತೆಗೆದದ್ದನ್ನೂ 2012ರಲ್ಲಿ ಡಿಜಿಟಲ್‌ನಲ್ಲಿ ತೆಗೆದದ್ದನ್ನೂ ಅದರಲ್ಲಿ ಬೆರೆಸಿದ್ದಾರೆ. ದೇಶ ಬದಲಾದದ್ದೂ ಕ್ಯಾಮೆರಾ ಬದಲಾದದ್ದೂ ಒಟ್ಟಿಗೆ ಕಾಣುತ್ತದೆ. 1989ರ ಚಿತ್ರದ ಪಕ್ಕದಲ್ಲಿಟ್ಟು ನೋಡಿ, ನಿಮಗೆ ಹೊಳೆದದ್ದನ್ನು ಬರೆಯಿರಿ. ವಿಮರ್ಶಕರು ಹೇಳಿದ್ದು ಬೇಡ.

1,500 ಪದ ಮೀರದಿರಲಿ. ಸಿನಿಮಾಗಳ ಪಟ್ಟಿ ಲೇಖನದೊಳಗೆ ಬೇಡ, ಬೇಕಾದರೆ ನಾವು ಪಕ್ಕದಲ್ಲಿ ಬಾಕ್ಸ್ ಮಾಡಿ ಹಾಕುತ್ತೇವೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಫೋಟೋಗಳನ್ನು ಮತ್ತೆ ಕಳಿಸಬೇಡಿ, ಸ್ಟಿಲ್‌ಗಳಿಗೆ ಅನುಮತಿಯನ್ನು ವಿತರಕರ ಹತ್ತಿರ ನಾವೇ ಕೇಳುತ್ತೇವೆ. ಮತ್ತೆ, ಬರೆಯಲು ಕೂರುವ ಮೊದಲು 'ಸರ್‌ನೇಮ್ ವಿಯೆಟ್' ಪೂರ್ತಿ ನೋಡಿ. 108 ನಿಮಿಷ ಇದೆ.

ಸಂಪಾದಕ