ಹಳೆ ಮನೆಗಳ ಸರ್ವೆ: ಅಜ್ಜಿ ಕೇಳಿದ್ದು ಒಂದು, ನಾವು ಬರೆದುಕೊಂಡಿದ್ದು ಇನ್ನೊಂದು

ಹತ್ತು ಜನ ಗೆಳೆಯರು ಸೇರಿ ನಿಮ್ಮ ಊರಿನ ಹಳೆ ಕಟ್ಟಡಗಳ ಸರ್ವೆ ಮಾಡಬೇಕು ಅಂತಿದ್ದೀರಿ. ಯಾವ ಆ್ಯಪ್ ಒಳ್ಳೇದು, ಪಟ್ಟಿಯನ್ನು ಬೇಗ ಎಲ್ಲರ ಮುಂದಿಟ್ಟು ಸರ್ಕಾರದ ಮೇಲೆ ಒತ್ತಡ ತರೋದು ಹೇಗೆ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನಾವು ಮೈಸೂರಿನಲ್ಲಿ ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 1892ರ ಕಟ್ಟಡ ಅದು. ನಾನು ಓದಿದ ಹಳೆ ಪುಸ್ತಕಗಳೆಲ್ಲ ಅಲ್ಲಿನ ಅಂಗಡಿಗಳಲ್ಲೇ ಕೊಂಡವು. ಆ ಸುದ್ದಿ ಕೇಳಿ ಸುಮ್ನೆ ಕೂರೋಕೆ ಆಗಲಿಲ್ಲ. ಎಂಟು ಜನ ಸೇರಿದೆವು. ಭಾನುವಾರ ಬೆಳಿಗ್ಗೆ ಏಳಕ್ಕೆ ಟೇಪು, ಕ್ಯಾಮೆರಾ, ಫಾರಂ ಹಿಡಿದು ಹೊರಡುತ್ತಿದ್ದೆವು. ಅಗ್ರಹಾರ, ಲಷ್ಕರ್ ಮೊಹಲ್ಲಾ, ಚಾಮುಂಡಿಪುರಂ, ಲಕ್ಷ್ಮೀಪುರಂ, ಹೀಗೆ ಬೀದಿ ಬೀದಿ.

ಅಗ್ರಹಾರದಲ್ಲಿ ಒಂದು ತೊಟ್ಟಿ ಮನೆ ಸಿಕ್ಕಿತು. ಮುಂದೆ ಜಗಲಿ, ಒಳಗೆ ತೊಟ್ಟಿ, ಸುತ್ತ ನಾಲ್ಕು ಮರದ ಕಂಬ. ಒಂದು ಕಂಬ ಮಾತ್ರ ಸೊಂಟದೆತ್ತರದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಮನೆಯ ಮಕ್ಕಳೆಲ್ಲ ಆ ಕಂಬ ಹಿಡಿದು ಗಿರಗಿರ ಸುತ್ತುತ್ತಿದ್ದರಂತೆ, ಮೂರು ತಲೆಮಾರಿನಿಂದ. ಮೇಲೆ ಮದ್ರಾಸ್ ತಾರಸಿ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ನಾವು ಕತ್ತು ಮೇಲೆತ್ತಿದವರು ಇಳಿಸಲೇ ಇಲ್ಲ.

ಮನೆಯಲ್ಲಿ ಒಬ್ಬ ಅಜ್ಜಿ ಮತ್ತು ಅವರ ಮಗನ ಸಂಸಾರ. ಮೂರು ಸಲ ಹೋದೆವು. ಮೂರು ಸಲವೂ ಕಾಫಿ ಕೊಟ್ಟರು. ಎರಡು ಸಲ ಅವರು ನನ್ನನ್ನು ಕೇಳಿದರು: "ಹಿತ್ತಲ ಕಡೆ ರೂಮು ಸೋರುತ್ತೆ ಕಣಪ್ಪ. ಗಾರೆ ಕೆಲಸದವರು ಯಾರಾದ್ರೂ ಗೊತ್ತಿದ್ರೆ ಹೇಳು." ನಾನು ಆಯ್ತು ಅಜ್ಜಿ ಅಂದೆ. ಫಾರಂನಲ್ಲಿ "ಸ್ಥಿತಿ: ಸಾಧಾರಣ" ಅಂತ ಬರೆದೆ.

ಒಂದು ಶುಕ್ರವಾರ ರಾತ್ರಿ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಹಾಕಿದೆವು. ಮನೆ ನಂಬರ್, ಬೀದಿ, ಫೋಟೊ ಎಲ್ಲ ಸೇರಿಸಿ. ತಲೆಬರಹ "ಉಳಿಸಲೇಬೇಕಾದ ಮನೆಗಳು". ಒಂದು ಪ್ರತಿಯನ್ನು ಸರ್ಕಾರಿ ಕಚೇರಿಗೂ ಕೊಟ್ಟೆವು. ಮುಂದಿನ ವಾರ ಯಾರೋ ಅಜ್ಜಿಯ ಮಗನಿಗೆ ಹೇಳಿದರು, ನಿಮ್ಮನೆ ಹೆರಿಟೇಜ್ ಲಿಸ್ಟ್‌ಗೆ ಸೇರಿದೆ, ಇನ್ನು ಮಾರೋಕಾಗಲ್ಲ, ಒಂದು ಮೊಳೆ ಹೊಡೆಯೋಕೂ ಆಗಲ್ಲ ಅಂತ. ಅಣ್ಣತಮ್ಮಂದಿರ ಪಾಲು ಇನ್ನೂ ಆಗಿರಲಿಲ್ಲ. ಅವರು ಹೆದರಿದರು. ಮತ್ತೊಂದು ವಾರಕ್ಕೆ ಜೆಸಿಬಿ ಬಂತು. ನಾನು ಓಡಿ ಹೋಗುವಷ್ಟರಲ್ಲಿ ತೊಟ್ಟಿಯಲ್ಲಿ ಆಕಾಶ ಪೂರ್ತಿ ಕಾಣುತ್ತಿತ್ತು. ಅಜ್ಜಿ ಎದುರು ಮನೆ ಜಗಲಿಯಲ್ಲಿ ಕೂತಿದ್ದರು. "ಮೊದಲೇ ಒಂದು ಮಾತು ಹೇಳ್ಬಾರ್ದಿತ್ತೇನಪ್ಪ?" ಅಂದರು.

ಈ ತಪ್ಪನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ಬರೀ "ಅನುಮತಿ ಕೇಳಲಿಲ್ಲ" ಅಂದರೆ ಪೂರ್ತಿ ಅರ್ಥ ಆಗಲ್ಲ. ಫೋಟೊ ತೆಗೆಯೋಕೆ ಅನುಮತಿ ಕೇಳಿದ್ದೆವು. ಪಟ್ಟಿ ಅಂದರೇನು, ಅದರಿಂದ ಅವರಿಗೆ ಏನಾಗುತ್ತದೆ, ಏನಾಗುವುದಿಲ್ಲ ಅಂತ ಕೂರಿಸಿಕೊಂಡು ಹೇಳಿರಲಿಲ್ಲ. ಜನರ ಹೆದರಿಕೆ ಎಲ್ಲಿಂದ ಬರುತ್ತದೆ ಗೊತ್ತಾ? ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆಗಿನ ಇನ್ನೂ 200 ಮೀಟರ್‌ನಲ್ಲಿ ಕಟ್ಟೋಕೆ ಅನುಮತಿ ಬೇಕು. 2010ರ ತಿದ್ದುಪಡಿಯಲ್ಲಿ ಕಾಯ್ದೆಗೇ ಸೇರಿದ ನಿಯಮ. ಪಕ್ಕದ ಶ್ರೀರಂಗಪಟ್ಟಣದಲ್ಲಿ ಅಂಥ ಸ್ಮಾರಕಗಳು ಎಷ್ಟೊಂದಿವೆ. ಅಲ್ಲಿ ನೆಂಟರಿದ್ದವರಿಗೆಲ್ಲ ಆ ಕಷ್ಟ ಗೊತ್ತು. ನಮ್ಮ ಪಟ್ಟಿಗೂ ಆ ನಿಯಮಕ್ಕೂ ಸಂಬಂಧವೇ ಇಲ್ಲ. ನಮ್ಮ ಪಟ್ಟಿಗೆ ಕಾನೂನಿನ ಬಲ ಚೂರೂ ಇರಲಿಲ್ಲ. ಅಂದರೆ ಆ ಮನೆಯನ್ನು ಕಾಪಾಡುವ ಶಕ್ತಿ ಅದಕ್ಕೆ ಇರಲಿಲ್ಲ, ಹೆದರಿಸುವ ಶಕ್ತಿ ಮಾತ್ರ ಇತ್ತು. ಇದನ್ನು ನಾವು ಯೋಚಿಸಲೇ ಇಲ್ಲ.

ಇನ್ನೊಂದು ಇದೆ. ನನ್ನ ಪ್ರಕಾರ ಅದೇ ದೊಡ್ಡದು. ಸೋರುತ್ತೆ ಅಂದಾಗ ಒಬ್ಬ ಗಾರೆಯವರನ್ನು ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ಮದ್ರಾಸ್ ತಾರಸಿಯ ಮೇಲಿನ ಗಾರೆ ಬಿರುಕು ಬಿಟ್ಟರೆ ನೀರು ಮೆಲ್ಲಗೆ ಗೋಡೆ ಸೇರುತ್ತದೆ. ಜಂತೆಯ ತುದಿ ಗೋಡೆಯೊಳಗೆ ಹೂತಿರುತ್ತದಲ್ವಾ, ಕೊಳೆಯೋದು ಅಲ್ಲಿಂದ. ಕೆಳಗೆ ನಿಂತು ನೋಡಿದರೆ ಕಾಣಲ್ಲ. ಅವರ ಮಗ ಬೇರೆ ದಾರಿ ಕಾಣದೆ ಮೇಲೆ ಸಿಮೆಂಟ್ ಬಳಿಸಿದ್ದರು. ಸುಣ್ಣದ ಗೋಡೆ ತೇವ ಹೀರಿ ಮತ್ತೆ ಬಿಟ್ಟುಕೊಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ಸೋರೋದು ಜಾಸ್ತಿಯೇ ಆಯಿತು. ಸೋರುವ ಮನೆ ಯಾರಿಗೆ ಬೇಕು? ಒಡೆಯೋಕೆ ಅವರ ಮನಸ್ಸು ಅರ್ಧ ಆಗಲೇ ಸಿದ್ಧವಾಗಿತ್ತು. ಉಳಿದರ್ಧ ನಾವು ಮಾಡಿದೆವು.

ಹಾಗಾಗಿ ಯಾವ ಆ್ಯಪ್ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ನೋಟ್‌ಬುಕ್ ಸಾಕು. ಪಟ್ಟಿಯನ್ನು ಪ್ರಕಟಿಸಲೇಬೇಡಿ, ಕಡೇಪಕ್ಷ ಖಾಸಗಿ ಮನೆಗಳದ್ದು. ಶಾಲೆ, ಛತ್ರ, ಗಡಿಯಾರದ ಗೋಪುರ ಇಂಥವು ಪರವಾಗಿಲ್ಲ, ಊರಿನ ಸ್ವತ್ತು. ಫಾರಂ ಬೇಕಿದ್ದರೆ ಇಂಟ್ಯಾಕ್‌ನವರನ್ನು ಕೇಳಿ, ಹಳೆ ಕಟ್ಟಡ, ಪರಂಪರೆ ಉಳಿಸೋಕೆ 1984ರಲ್ಲಿ ಶುರುವಾದ ಸಂಸ್ಥೆ, ಪಟ್ಟಿ ಮಾಡೋದರಲ್ಲಿ ಪಳಗಿದವರು. ಆದರೆ ಅದಕ್ಕೆ ನೀವೇ ಒಂದು ಕಾಲಂ ಸೇರಿಸಿಕೊಳ್ಳಿ: "ಮನೆಯವರು ಏನು ಕೇಳಿದರು?"

ಪಟ್ಟಿಗೆ ಸೇರಿದರೆ ಉಳಿಯುತ್ತದೆ ಅನ್ನೋ ನಂಬಿಕೆಯನ್ನೂ ಬಿಡಿ. ಲ್ಯಾನ್ಸ್‌ಡೌನ್ ಕಟ್ಟಡ ಯಾರಿಗೆ ಗೊತ್ತಿರಲಿಲ್ಲ ಹೇಳಿ? 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಈ ಎರಡು ಕಟ್ಟಡಗಳೂ ಮೈಸೂರಿನ ನಡುಮಧ್ಯದಲ್ಲಿದ್ದವು, ಎಲ್ಲರ ಕಣ್ಣೆದುರೇ ಇದ್ದವು.

ನಾವೀಗ ಐದೇ ಜನ ಉಳಿದಿದ್ದೇವೆ. ಮೇ ತಿಂಗಳಲ್ಲಿ ಏಣಿ ಹಿಡಿದು ಹೋಗುತ್ತೇವೆ. ಮನೆಯವರು ಒಪ್ಪಿದರೆ ಮಳೆನೀರು ಹರಿಯುವ ಸೂರಿನ ದೋಣಿ ಗುಡಿಸುತ್ತೇವೆ, ಒಡೆದ ಹೆಂಚು ಬದಲಿಸುತ್ತೇವೆ. ಗೋಡೆ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೆರಳುದ್ದ ಇರುವಾಗಲೇ ಕೀಳುತ್ತೇವೆ. ಬೇರು ಇಳಿದ ಮೇಲೆ ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ. ಫೋಟೊ ಆಮೇಲೆ. ಕೆಲವು ಮನೆಗಳಲ್ಲಿ ಎರಡು ವರ್ಷದ ಮೇಲೆ ತೆಗೆದಿದ್ದೇವೆ.

ನೀವೂ ಈ ಮಳೆಗಾಲಕ್ಕೆ ಮುಂಚೆ ಒಂದು ಬೀದಿ ಹಿಡಿಯಿರಿ, ಒಂದೇ ಬೀದಿ. ಯಾವ ಊರು ಅಂತ ಬರೆದಿಲ್ಲ ನೀವು. ಮೈಸೂರು, ಮಂಡ್ಯ, ಹಾಸನದ ಕಡೆ ಆದರೆ ತಿಳಿಸಿ, ಸುಣ್ಣದ ಕೆಲಸ ಗೊತ್ತಿರುವ ಗಾರೆಯವರನ್ನು ಪರಿಚಯ ಮಾಡಿಸುತ್ತೇನೆ.