ಹೊಲಿಗೆ ಡಬ್ಬಿ: ಹೆಗಲಿಗೆ ಪ್ಯಾಡ್ ಇದ್ದ ಕಾಲ

ಪ್ರಶ್ನೆ: ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ 1980ರ ದಶಕದ ‘ಬುರ್ಡಾ’ ಹೊಲಿಗೆ ಪತ್ರಿಕೆ ಸಿಕ್ಕಿತು. ಅದರ ಪ್ಯಾಟರ್ನ್‌ನಂತೆ ಹೊಲಿದ ಬ್ಲೌಸ್ ಬಿಗಿಯಾಗಿದೆ. ಯಾಕೆ ಮೇಡಂ?
— ಓದುಗರು, ಬಸವನಗುಡಿ

ಉತ್ತರ: ಮಾರ್ಜಿನ್ ಬಿಡದೆ ಕತ್ತರಿಸಿದ್ದೀರಿ ಕಣಮ್ಮ! ಆ ಗೆರೆಗಳು ಹೊಲಿಗೆ ಬೀಳುವ ಜಾಗ; ಬದಿಗೆ ಒಂದೂವರೆ ಸೆಂಟಿಮೀಟರ್ ನೀವೇ ಸೇರಿಸಬೇಕು. ಒಂದೇ ಹಾಳೆಯಲ್ಲಿ ಹತ್ತಾರು ಉಡುಪಿನ ಗೆರೆ ಸಿಕ್ಕುಸಿಕ್ಕಾಗಿರುತ್ತವೆ, ನಿಮ್ಮದನ್ನಷ್ಟೇ ಬಟರ್ ಪೇಪರಿಗೆ ಇಳಿಸಿಕೊಳ್ಳಿ. ಜರ್ಮನಿಯ ಎನ್ನೆ ಬುರ್ಡಾ 1950ರಲ್ಲಿ ಶುರುಮಾಡಿದ ಪತ್ರಿಕೆ ಅದು. ಮಲ್ಲೇಶ್ವರದಲ್ಲಿ ಹೊಲಿಗೆ ಕಲಿಯುವಾಗ ಅದರ ಚಿತ್ರ ನೋಡಿ ನಾನೂ ಚೂಡಿದಾರ್ ಹೆಗಲಿಗೆ ಪ್ಯಾಡ್ ತುರುಕಿದ್ದೆ. ಅಮ್ಮ, “ಗರಡಿಮನೆಗೆ ಹೊರಟೆಯೇನೇ?” ಅಂದಿದ್ದಳು. ಬುಗ್ಗೆ ತೋಳು ಮಾತ್ರ ಇವತ್ತಿಗೂ ನನಗಿಷ್ಟ. ನಿಮ್ಮದರಲ್ಲಿ ಪ್ಯಾಡ್ ತೆಗೆಯುವುದಾದರೆ ಹೆಗಲನ್ನೂ ತುಸು ಇಳಿಜಾರಾಗಿ ಕತ್ತರಿಸಿ, ಇಲ್ಲದಿದ್ದರೆ ಬಟ್ಟೆ ಅಲ್ಲೇ ಸುಕ್ಕುಗಟ್ಟುತ್ತದೆ.